ನಿಮ್ಮಪ್ಪನ ಮನೆ

"ಏ ಮುಂಡೆ, ಚಪ್ಪಲಿ ಬಿಟ್ಟು ಹತ್ತು. ಅದು ಪಿಚ್ಚು, ನಿಮ್ಮಪ್ಪನ ಮನೆ ಅಲ್ಲ."

ಮೈದಾನದ ಮ್ಯಾನೇಜರ್ ದಿನಕ್ಕೊಮ್ಮೆ ಇದನ್ನು ಹೇಳುತ್ತಿದ್ದ. ಅಕ್ಕ ದಿನಕ್ಕೊಮ್ಮೆ ಕೇಳಿಸಿಕೊಂಡು, ಪಿಚ್ಚಿನ ಸುತ್ತ ಕಟ್ಟಿದ ಹಗ್ಗದಾಚೆ ಚಪ್ಪಲಿ ಬಿಟ್ಟು, ತಮ್ಮನ ಜೊತೆ ರೋಲರ್ ಎಳೆಯಲು ಹೆಗಲು ಕೊಡುತ್ತಿದ್ದಳು. ಆದರೆ ಅದು ಅವರಪ್ಪನ ಮನೆಯೇ ಆಗಿತ್ತು. ಮೂರು ವರ್ಷದ ಹಿಂದೆ, ಬುಲ್ಡೋಜರ್ ಬರುವ ತನಕ, ಈಗ ಸ್ಟಂಪು ನೆಟ್ಟಿರುವ ಜಾಗದಲ್ಲೇ ಅವ್ವನ ಒಲೆಯಿತ್ತು. 'ಟೂರ್ನಿ ಮುಗಿದ ಮರುದಿನ ಹೊಸ ಮನೆ' ಎಂದು ಮೊಹರು ಒತ್ತಿದ ಕಾಗದ ಕೊಟ್ಟು, ಅಲ್ಲಿಯವರೆಗೆ ಇರಿ ಎಂದು ಗ್ಯಾಲರಿಯ ಹಿಂದೆ ತಗಡಿನ ಶೆಡ್ಡು ತೋರಿಸಿದ್ದರು.

ಇವತ್ತು ಮ್ಯಾನೇಜರ್ ಬೂಟು ಹಾಕಿಕೊಂಡೇ ಪಿಚ್ಚಿನ ನಡುವಿಗೆ ಬಂದ. ಅವನ ಹಿಮ್ಮಡಿ ಗುರುತು ಅಳಿಸುವುದೂ ಇವರದೇ ಕೆಲಸ.

"ಟೂರ್ನಿ ಬೇರೆ ದೇಶಕ್ಕೆ ಹೋಯ್ತು. ಇಲ್ಲಿ ಸರಿಯಿಲ್ವಂತೆ."

"ಏನು ಸರಿಯಿಲ್ವಂತೆ ಸಾರ್?" ತಮ್ಮ ಕೇಳಿದ.

"ನಿಂಗೆ ಕಾಗದ ಬರೆದು ತಿಳಿಸ್ತಾರೆ, ಬೋಳಿಮಗನೆ."

ಅಕ್ಕ ರೋಲರ್ ನಿಲ್ಲಿಸಿದಳು. "ನಮ್ಮ ಮನೆ?"

"ಟೂರ್ನಿ ಮುಗಿದ ಮೇಲೆ ಅಂತ ತಾನೆ ಬರೆದಿರೋದು? ಇಲ್ಲಿ ಶುರುವೇ ಆಗ್ಲಿಲ್ಲ, ಇನ್ನು ಮುಗಿಯೋದು ಹೇಗೆ?"

"ಅಲ್ಲಿ ಮುಗಿಯುತ್ತಲ್ಲ."

"ಹಾಗಾದ್ರೆ ಅಲ್ಲಿಯೋರು ಕೇಳ್ಕೋತಾರೆ." ಅವನು ಜೇಬಿನಿಂದ ಪಟ್ಟಿ ತೆಗೆದ. "ಕುರ್ಚಿ, ದೀಪ, ರೋಲರ್, ತಗಡಿನ ಶೆಡ್ಡು. ನಾಳೆ ಹಡಗು ಹತ್ತುತ್ತೆ."

"ನಮ್ಮ ಶೆಡ್ಡಾ?"

"ಟೂರ್ನಿ ಶೆಡ್ಡು."

"ಮತ್ತೆ ನಾವು?"

ಮ್ಯಾನೇಜರ್ ಪಟ್ಟಿಯ ಮೇಲಿಂದ ಕೆಳಕ್ಕೆ ಬೆರಳಾಡಿಸಿ ಹುಡುಕಿದ. ನಿಜಕ್ಕೂ ಹುಡುಕಿದ. "ಇಲ್ಲ. ಏನು ನೋಡ್ತಾ ನಿಂತೆ, ಎಳಿ."

"ಆಟವೇ ಇಲ್ವಲ್ಲ ಸಾರ್."

"ಎಳೀಬೇಡಿ ಅಂತ ಆದೇಶ ಬಂದಿಲ್ಲ."

ಸಂಜೆಯ ತನಕ ಎಳೆದರು.

ಬೆಳಿಗ್ಗೆ ಕ್ರೇನು ಶೆಡ್ಡನ್ನು ಇಡಿಯಾಗಿ ಎತ್ತಿತು. ಮೊಳೆಗೆ ತೂಗುಹಾಕಿದ್ದ ಅವ್ವನ ಹೊದಿಕೆ ಆಕಾಶದಲ್ಲಿ ಪಟಪಟ ಬಡಿಯಿತು.

"ಅವ್ವಾ, ನಿನ್ನ ಹೊದಿಕೆಗೆ ವಿದೇಶ ಯೋಗ," ಎಂದ ತಮ್ಮ.

"ಹೋಗ್ಲಿ ಬಿಡು, ಮಾಸಿತ್ತು." ಅವ್ವನ ಮಡಿಲಲ್ಲಿ ಮೂರು ಕರಿಹಿಡಿದ ಒಲೆಗಲ್ಲುಗಳಿದ್ದವು. ಮನೆ ಕೆಡವಿದ ದಿನ ಅವಳು ಉಳಿಸಿಕೊಂಡಿದ್ದು ಅಷ್ಟೇ.

ಅಕ್ಕ ಪಾತ್ರೆ ಎತ್ತಿಕೊಂಡಳು. ಮೂವರೂ ಹಗ್ಗದ ಬಳಿ ಚಪ್ಪಲಿ ಬಿಟ್ಟು ಪಿಚ್ಚಿಗೆ ಹೋದರು.

"ಇಲ್ಲೇನಾ?" ಅಕ್ಕ ಕೇಳಿದಳು.

"ಇನ್ನೂ ಸ್ವಲ್ಪ ಈಚೆ. ಅಲ್ಲಿ ಬಾಗಿಲಿತ್ತು," ಎಂದಳು ಅವ್ವ.

ಕಲ್ಲುಗಳು ಕೂತವು. ತಮ್ಮ ಸ್ಟಂಪು ಕಿತ್ತ. "ಇವೂ ಪಟ್ಟೀಲಿಲ್ಲ ಅಕ್ಕ, ನಮ್ಮ ಹಾಗೆ." ಎಣ್ಣೆ ಕುಡಿದ ಮರ, ಒಂದೇ ಕಡ್ಡಿಗೆ ಹತ್ತಿಕೊಂಡಿತು.

ಮ್ಯಾನೇಜರ್ ಏದುಸಿರು ಬಿಡುತ್ತಾ ಓಡಿ ಬಂದ. "ಪಿಚ್ಚು ಕಣ್ರೇ ಅದು, ಪಿಚ್ಚು..."

"ಬೂಟು ಬಿಟ್ಟು ಬಾ," ಅಕ್ಕ ಒಲೆ ಊದುತ್ತಲೇ ಹೇಳಿದಳು. "ಇದು ನಮ್ಮಪ್ಪನ ಮನೆ."

ಎತ್ತಿದ ಬೂಟುಗಾಲು ಹಗ್ಗದ ಮೇಲೇ ನಿಂತಿತು. ಕೆಳಗೆ ಮೂರು ಜೊತೆ ಚಪ್ಪಲಿ ಸಾಲಾಗಿದ್ದವು. ತಮ್ಮ ಆ ತುದಿಯ ಸ್ಟಂಪು ಕೀಳಲು ಬರಿಗಾಲಲ್ಲಿ ಹೊರಟ.