ಆಸ್ಟಾಳ ಮನೆಗೆ ಬಂದ ಕಲಾವಿದ

ಟ್ರಾಮಿನ ಕೊನೆಯ ನಿಲ್ದಾಣದಾಚೆ, ಗುಡ್ಡದ ಮೇಲಿನ ಬೂದು ಕಟ್ಟಡದಲ್ಲಿ ಗುನ್ವೊರ್ ಮತ್ತು ಆಸ್ಟಾ ಎದುರುಬದುರು ಬಾಗಿಲಲ್ಲಿ ಬಾಳಿದವರು. ಗುನ್ವೊರ್ ಟ್ರಾಮ್ ಓಡಿಸಿ ನಿವೃತ್ತಳಾದವಳು. ಆಸ್ಟಾ ಶಾಲೆಯ ಅಡಿಗೆಮನೆಯಲ್ಲಿ ದುಡಿದವಳು. ಒಬ್ಬಳ ಗಂಡ ಸತ್ತಿದ್ದ, ಇನ್ನೊಬ್ಬಳ ಗಂಡ ಬಿಟ್ಟುಹೋಗಿದ್ದ. ಯಾರ ಗಂಡ ಮಾಡಿದ ಉಪಕಾರ ದೊಡ್ಡದು ಎಂದು ಇಬ್ಬರೂ ಕಾಫಿ ಕುಡಿಯುತ್ತ ವಾದಕ್ಕಿಳಿಯುತ್ತಿದ್ದರು.

ಒಂದು ಶರತ್ಕಾಲ, ವಸತಿ ಕಂಪನಿಯವರು ಆಸ್ಟಾಳ ಮನೆಯ ಪೈಪುಗಳು ಹಾಳಾಗಿವೆಯೆಂದು ಹೇಳಿ ಅವಳನ್ನು ಗೋಥೆನ್‌ಬರ್ಗ್ ನಗರದ ಇನ್ನೊಂದು ತುದಿಗೆ ಸಾಗಿಸಿದರು. ರಿಪೇರಿಯಾದ ಮೇಲೆ ವಾಪಸು ಬರಬಹುದು ಎಂದಿದ್ದರು. ರಿಪೇರಿಗೆ ಯಾರೂ ಬರಲಿಲ್ಲ. ಬಂದವನು ಮೆಲ್ಕರ್ ಎಂಬ ಶಿಲ್ಪಿ. ಬಡಾವಣೆಯ ಜನರ ನಡುವೆ ಇದ್ದು, ಅವರನ್ನು ಸೇರಿಸಿಕೊಂಡು ಏನಾದರೂ ಕಲಾಕೃತಿ ಮಾಡಲಿ ಎಂದು ಕಂಪನಿ ಆ ಮನೆಯನ್ನು ಅವನಿಗೆ ಪುಕ್ಕಟೆಯಾಗಿ ಕೊಟ್ಟಿತ್ತು.

ಗುನ್ವೊರ್ ಮೊದಮೊದಲು ಅವನನ್ನು ಕಂಡರೆ ಮುಖ ತಿರುಗಿಸುತ್ತಿದ್ದಳು. ಆದರೆ ಹುಡುಗ ಕೆಟ್ಟವನಲ್ಲ. ಹಿಮ ಬಿದ್ದ ಬೆಳಿಗ್ಗೆ ಯಾರೂ ಹೇಳದೆ ಕಟ್ಟಡದ ಮುಂದಿನ ದಾರಿಯ ಹಿಮ ಎತ್ತಿಹಾಕುತ್ತಿದ್ದ. ಡಿಸೆಂಬರಿನಲ್ಲಿ ತಳ ಸೀದ ಕೇಸರಿ ಬನ್ನುಗಳನ್ನು ಹಿಡಿದು ಅವಳ ಬಾಗಿಲಿಗೆ ಬಂದ.

"ನಾನಿರೋದು ಯಾರ ಮನೇಲಿ ಅಂತ ಯಾರೂ ಹೇಳ್ತಿಲ್ಲ. ನೀವಾದ್ರೂ ಹೇಳ್ತೀರಾ?"

ಅದುವರೆಗೆ ಆ ಮಾತು ಕೇಳಿದವರೇ ಇರಲಿಲ್ಲ. ಗುನ್ವೊರ್ ಅವನನ್ನು ಒಳಗೆ ಕರೆದು ಆಸ್ಟಾಳ ವಿಷಯವನ್ನೆಲ್ಲ ಹೇಳಿದಳು. ಅವಳ ಶ್ವಾಸಕೋಶಕ್ಕೆ ಈಗ ಕ್ಯಾನ್ಸರ್ ಹಿಡಿದಿದೆ ಎನ್ನುವುದನ್ನೂ ಹೇಳಿದಳು.

ಮೆಲ್ಕರ್ ಬಡಾವಣೆಯವರ ಕೈಗಳ ಅಚ್ಚು ತೆಗೆಯುತ್ತಿದ್ದ. ನೀವಿಬ್ಬರೂ ಒಟ್ಟಿಗೆ ಬನ್ನಿ ಎಂದ. ಹೀಗಾಗಿ ಫೆಬ್ರುವರಿಯಲ್ಲಿ ಗುನ್ವೊರ್ ಟ್ಯಾಕ್ಸಿ ಮಾಡಿ ಆಸ್ಟಾಳನ್ನು ಅವಳದೇ ಅಡಿಗೆಮನೆಗೆ ಅತಿಥಿಯಾಗಿ ಕರೆತಂದಳು. ಆಸ್ಟಾ ಗೋಡೆಗಳನ್ನೊಮ್ಮೆ ನೋಡಿದಳು. ಇಬ್ಬರೂ ಕೈ ಕೈ ಹಿಡಿದು ತಣ್ಣನೆಯ ಗಂಜಿಯಂಥ ದ್ರಾವಣವಿದ್ದ ಬಕೆಟ್ಟಿನಲ್ಲಿ ಅದ್ದಿದರು. ಅದು ರಬ್ಬರಿನಂತೆ ಗಟ್ಟಿಯಾಗಿ ಅಚ್ಚಾಗುವವರೆಗೆ ಅಲ್ಲಾಡಬಾರದು.

"ಗಟ್ಟಿಯಾಗಿ ಹಿಡ್ಕೊಳ್ಳೇ," ಎಂದಳು ಆಸ್ಟಾ. "ಬಿಟ್ರೆ ಓಡಿಹೋಗ್ಬಿಡ್ತೀನಿ."

"ಮಹಡಿ ಹತ್ತೋಕೇ ನಾಲ್ಕು ಕಡೆ ಕೂತೆ. ಎಲ್ಲಿಗೆ ಓಡ್ತೀಯೇ?"

ನಗು ಬಂದು ಕೈ ಅಲುಗಿತು. ಮೆಲ್ಕರ್ ಗದರಿದ. ಆಮೇಲೆ ಅವನೂ ನಕ್ಕ.

ವಸಂತದಲ್ಲಿ ಪ್ರದರ್ಶನವಾಯಿತು. ಬಿಳಿ ಪ್ಲಾಸ್ಟರಿನ ಕೈಗಳ ಸಾಲಿನ ನಡುವೆ ನಿಂತು ಕಂಪನಿಯ ಮುಖ್ಯಸ್ಥ ಭಾಷಣ ಮಾಡಿದ. ಜನ ಬರಲು ಹೆದರುತ್ತಿದ್ದ ಗುಡ್ಡ ಇಂದು ಕಲೆಯ ನೆಲೆಯಾಗಿದೆ, ಇನ್ನು ಕಟ್ಟಡಗಳನ್ನು ಹೊಸದಾಗಿಸಿ ಇಲ್ಲಿಗೆ ಹೊಸ ಜನರನ್ನು ಬರಮಾಡಿಕೊಳ್ಳುತ್ತೇವೆ ಎಂದ. ಹಳಬರಿಗೆ ಆ ಹೊಸ ಮನೆಗಳ ಬಾಡಿಗೆ ಎಟುಕುವುದಿಲ್ಲ ಎಂಬುದು ಯಾರೂ ಬಿಡಿಸಿ ಹೇಳದೆಯೇ ಗುನ್ವೊರಳಿಗೆ ಅರ್ಥವಾಯಿತು. ಅವಳು ಮೆಲ್ಕರನತ್ತ ನೋಡಿದಳು. ಅವನು ತನ್ನ ಬೂಟನ್ನು ನೋಡಿಕೊಳ್ಳುತ್ತಿದ್ದ.

ಜೂನಿನಲ್ಲಿ ಆಸ್ಟಾ ತೀರಿಕೊಂಡಳು. ಮಣ್ಣು ಮಾಡಿ ಬಂದ ಗುನ್ವೊರ್, ಕರಿ ಕೋಟನ್ನೂ ತೆಗೆಯದೆ ಎದುರುಬಾಗಿಲು ತಟ್ಟಿದಳು. ಮೆಲ್ಕರ್ ಗಂಟುಮೂಟೆ ಕಟ್ಟುತ್ತಿದ್ದ.

"ನಮ್ಮಿಬ್ಬರ ಕೈ ನನಗೆ ಕೊಟ್ಬಿಡು."

ಅವನು ಕಟ್ಟುತ್ತಿದ್ದ ಗಂಟನ್ನು ಕೆಳಗಿಟ್ಟ. ಎಲ್ಲವನ್ನೂ ಕಂಪನಿಯೇ ಇಟ್ಟುಕೊಂಡಿದೆ, ಒಪ್ಪಂದ ಹಾಗಿತ್ತು ಎಂದ. ಇನ್ನೊಂದು ಮಾಡೋಣವೆಂದರೆ, ಪ್ಲಾಸ್ಟರಿನ ಕೈಗಳನ್ನು ಹೊರತೆಗೆಯುವಾಗಲೇ ಅಚ್ಚು ಹರಿದುಹೋಗಿತ್ತು. ಬೇಕಾದರೆ ಫೋಟೋ ಇದೆ ಎಂದ. ಹೇಳುವಾಗ ಅವನ ಕಣ್ಣು ತುಂಬಿತ್ತು.

"ಕಟ್ಟಡ ಖಾಲಿ ಮಾಡಿಸ್ತಾರೆ ಅಂತ ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು," ಎಂದ ಅವನು.

"ನೀನು ಕೆಟ್ಟವನಾಗಿದ್ದಿದ್ರೆ ಚೆನ್ನಾಗಿರೋದು ಕಣಯ್ಯ," ಎಂದಳು ಗುನ್ವೊರ್. "ಬಾಯ್ತುಂಬ ಬೈಯೋಕಾದ್ರೂ ಆಗ್ತಿತ್ತು."

ಮರುವಾರ ಅವಳು ನಗರದ ನಡುವಿನ ಕಂಪನಿಯ ಕಚೇರಿಗೆ ಹೋದಳು. ಒಳಹೊಗುತ್ತಲೇ ಗಾಜಿನ ಪೀಠದ ಮೇಲೆ ಅವರಿಬ್ಬರ ಕೈಗಳಿದ್ದವು. ಕೆಳಗೆ 'ನೆರೆಹೊರೆ' ಎಂದು ಬರೆದು ಮೆಲ್ಕರನ ಹೆಸರು ಹಾಕಿದ್ದರು. ಗುನ್ವೊರ್ ಆಸ್ಟಾಳ ಬೆರಳುಗಳನ್ನು ಸವರಿದಳು. ಸಂಧಿವಾತಕ್ಕೆ ಊದಿದ ಗಿಣ್ಣೂ ಇದ್ದಂತೆಯೇ ಇತ್ತು.

ಮೇಜಿನ ಹಿಂದಿದ್ದ ಹುಡುಗಿ ಎದ್ದು ಬಂದು, ಮುಟ್ಟಬಾರದಮ್ಮ ಎಂದು ಮೆಲ್ಲಗೆ ಹೇಳಿದಳು.

"ಇದು ನನ್ನ ಕೈ."

ಹುಡುಗಿ ಪ್ಲಾಸ್ಟರನ್ನೂ ಅವಳ ಕೈಯನ್ನೂ ನೋಡಿದಳು. ಅವಳೂ ಒಳ್ಳೆಯವಳೇ. ಸಾಹೇಬರನ್ನು ಕೇಳಿ ಬಂದು, ಯಾವಾಗ ಬೇಕಾದರೂ ಬಂದು ನೋಡಬಹುದಂತೆ, ಕಚೇರಿಯ ವೇಳೆಯಲ್ಲಿ ಎಂದಳು.

ಗುನ್ವೊರ್ ಮತ್ತೆ ಹೋಗಲಿಲ್ಲ. ಆ ಶರತ್ಕಾಲ ಅವಳ ಮನೆಯ ಪೈಪುಗಳೂ ಹಾಳಾಗಿವೆ ಎಂದರು. ದೂರದ ಬಡಾವಣೆಯೊಂದರಲ್ಲಿ ಮನೆ ಕೊಟ್ಟರು. ಅಡಿಗೆಮನೆ ಹಿಂದಿನದಕ್ಕಿಂತ ದೊಡ್ಡದೇ ಇತ್ತು. ಅವಳು ಅಲ್ಲಿಗೆ ಹೋದ ವಾರದಲ್ಲೇ ಎದುರುಬಾಗಿಲಿನ ಹೆಂಗಸು ಲಿಂಗನ್‌ಬೆರಿ ಹಣ್ಣಿನ ಜಾಮಿನ ಬಾಟಲಿ ಹಿಡಿದು ಗಂಟೆ ಒತ್ತಿದಳು. ಗುನ್ವೊರ್ ಬಾಗಿಲಿನ ಕಿಂಡಿಯಿಂದ ನೋಡಿದಳು. ಬಂದವಳದು ತನ್ನದೇ ವಯಸ್ಸು, ನಗುಮುಖ. ಅವಳು ಬಾಟಲಿಯನ್ನು ಕಾಲೊರಸಿನ ಮೇಲಿಟ್ಟು ತನ್ನ ಬಾಗಿಲು ಹಾಕಿಕೊಳ್ಳುವವರೆಗೂ ಗುನ್ವೊರ್ ಉಸಿರು ಬಿಗಿಹಿಡಿದು ಒಳಗೇ ನಿಂತಿದ್ದಳು.