ಮರ ಹಿಡಿದ ಮಳೆ

ಲೊವೆಲ್ ಟ್ರಸ್ಕ್‌ನ ಶವಪೆಟ್ಟಿಗೆ ಅರ್ಧ ಇಳಿದಿತ್ತು. ಹಗ್ಗ ಹಿಡಿದವರ ಬೂಟುಗಳು ಕೆಸರಿನಲ್ಲಿ ಜಾರುತ್ತಿದ್ದವು. ಎಲ್ಲರೂ ಗುಂಡಿಯನ್ನು ನೋಡುತ್ತಿದ್ದರೆ ರೋವೆನಾ ಮಾತ್ರ ಸ್ಮಶಾನದ ಹಿಂದಿನ ಗುಡ್ಡ ನೋಡುತ್ತಿದ್ದಳು. ಅಮೆರಿಕದ ಒರೆಗಾನಿನ ಆ ಕಣಿವೆಯಲ್ಲಿ ಮೂರು ದಿನದಿಂದ ಬಿಟ್ಟೂಬಿಡದ ಮಳೆ. ಹೋದ ವರ್ಷದ ಬೆಂಕಿಗೆ ಸುಟ್ಟ ಫರ್ ಮರಗಳು ಕರಿಯ ಕಂಬಗಳಾಗಿ ನಿಂತಿದ್ದವು.

ಫೋನ್ ತೆಗೆದು ಮತ್ತೆ ನೋಡಿದಳು. ಈ ಕಣಿವೆಗೆ ಭೂಕುಸಿತದ ಅಪಾಯವಿಲ್ಲ ಎಂದಿತ್ತು ಮುನ್ಸೂಚನೆ. ಆ ಮುನ್ಸೂಚನೆಯ ಲೆಕ್ಕದಲ್ಲಿ ಗುಡ್ಡ ಇನ್ನೂ ಹಸಿರಾಗಿತ್ತು. ಕಾಡು ಎಷ್ಟು ಮಳೆ ತಡೆಯುತ್ತದೆ ಎಂಬ ಲೆಕ್ಕವನ್ನು ಅದರಲ್ಲಿ ಕಟ್ಟಿದವಳು ಅವಳೇ.

*

ಹದಿನೆಂಟು ವರ್ಷದ ಹಿಂದೆ, ವಿಶ್ವವಿದ್ಯಾಲಯದಿಂದ ಅಂಕಿ ಕೇಳಿಕೊಂಡು ಬಂದವಳನ್ನು ಲೊವೆಲ್ ಟ್ರಸ್ಕ್ ಮರದಡಿ ನಿಲ್ಲಿಸಿದ್ದ. ಮಳೆ ಅಳೆಯುವುದು ಅವನ ಕೆಲಸ. ಮರದಡಿ ನಲವತ್ತು ಡಬ್ಬ, ಬಯಲಲ್ಲಿ ನಾಲ್ಕು. ಹೊರಗೆ ಮಳೆ ಹೊಯ್ಯುತ್ತಿದ್ದರೂ ಅವಳ ತಲೆ ಒದ್ದೆಯಾಗಿರಲಿಲ್ಲ.

"ನೀರೆಲ್ಲಿ ಹೋಯ್ತು, ಹೇಳು?"

"ಎಲೆ ಮೇಲಿದೆ."

"ಅಲ್ಲಿಂದಲೇ ಆಕಾಶಕ್ಕೆ ವಾಪಸ್. ನಾಲ್ಕರಲ್ಲೊಂದು ಪಾಲು ನೆಲ ಕಾಣೋದೇ ಇಲ್ಲ. ನಿನ್ನ ಕಂಪ್ಯೂಟರಿಗೆ ಇಷ್ಟು ಹೇಳಿಕೊಡು ತಾಯಿ, ಸಾಕು."

ಹೇಳಿಕೊಟ್ಟಳು. ಬೆಂಕಿಯ ನಂತರವೂ ಅವನು ಡಬ್ಬ ಇಡುವುದನ್ನು ಬಿಡಲಿಲ್ಲ. ಈಗ ಮರದಡಿಯ ಅಂಕಿಗೂ ಬಯಲಿನ ಅಂಕಿಗೂ ವ್ಯತ್ಯಾಸವೇ ಇರಲಿಲ್ಲ. ನಿನ್ನ ಲೆಕ್ಕದೊಳಗಿನ ಕಾಡಿನ ನಕ್ಷೆ ಬದಲಾಯಿಸು ಎಂದು ಮೂರು ಸಲ ಬರೆದ. ಮುಂದಿನ ಆವೃತ್ತಿಯಲ್ಲಿ ನೋಡೋಣ ಎಂದು ಅವಳು ಉತ್ತರಿಸಿದ್ದಳು.

*

ಪೆಟ್ಟಿಗೆ ತಳ ಮುಟ್ಟಿತು. ಪಾದ್ರಿ ಪ್ರಾರ್ಥನೆ ಶುರುಮಾಡಿದ. ಆಗ ಪಕ್ಕದ ಹಳ್ಳದ ಮೊರೆತ ಥಟ್ಟನೆ ನಿಂತಿತು. ಇಂಥ ಮಳೆಯಲ್ಲಿ ಹಳ್ಳ ಬತ್ತಬೇಕಾದರೆ ಮೇಲೆಲ್ಲೋ ಮಣ್ಣು ಕುಸಿದು ನೀರಿಗೆ ಅಡ್ಡ ಕೂತಿರಬೇಕು. ರೋವೆನಾ ಜನರನ್ನು ಸರಿಸಿಕೊಂಡು ಮುಂದೆ ನುಗ್ಗಿದಳು. ಹೋಗಿ ಲೊವೆಲ್‌ನ ಹೆಂಡತಿ ಎನಿಡ್‌ಳ ತೋಳು ಹಿಡಿದು, ಈಗಿಂದೀಗಲೇ ಎಲ್ಲರೂ ಮೇಲಿನ ರಸ್ತೆಗೆ ಹೋಗಬೇಕು ಎಂದಳು.

ಲೊವೆಲ್‌ನ ತಮ್ಮ ಬರ್ಟನ್ ತನ್ನ ಫೋನ್ ಚಾಚಿದ. "ಏನೂ ಇಲ್ಲ ಅಂತಿದೆಯಲ್ಲಮ್ಮ. ಮಣ್ಣೂ ಹಾಕದೆ ಅಣ್ಣನ್ನ ಬಿಟ್ಟು ಓಡೋದಾ?"

"ಅದನ್ನ ನಂಬಬೇಡಿ. ತಪ್ಪು ನಂದು."

ಎನಿಡ್ ಅವಳ ಮುಖವನ್ನೇ ನೋಡಿದಳು. "ಈ ವರ್ಷ ಮಳೆ ಹಿಡೀತು ಅಂದ್ರೆ ಗುಡ್ಡದ ಚಿಂತೇಲಿ ನಮ್ಮವರಿಗೆ ಊಟಾನೇ ಸೇರ್ತಿರಲಿಲ್ಲ," ಎಂದಳು. ಆಮೇಲೆ ಬರ್ಟನ್‌ನ ಕಡೆ ತಿರುಗಿದಳು. "ಸಲಿಕೆ ಕೆಳಗಿಡು. ನಡಿ."

ನಡೆಯಲಾರದವರನ್ನು ಎಳೆದುಕೊಂಡು, ಹೊತ್ತುಕೊಂಡು ರಸ್ತೆ ಹತ್ತಿದರು. ಬರ್ಟನ್ ಕೊನೆಯವನಾಗಿ ಏದುಸಿರು ಬಿಡುತ್ತ ಬಂದು ಬೇಲಿ ಹಿಡಿದುಕೊಂಡ. ಕಾಲಡಿಯ ನೆಲ ಗುಡುಗಿತು.

ಕೆಳಗೆ ಗುಡ್ಡದ ಮಗ್ಗುಲು ಕಳಚಿಕೊಂಡಿತ್ತು. ಸುಟ್ಟ ಮರಗಳು ಬೀಳದೆ, ನಿಂತ ನಿಲುವಿನಲ್ಲೇ, ಒಂದರ ಹಿಂದೊಂದು ಗೋರಿಗಳ ನಡುವೆ ಇಳಿದು ಬರುತ್ತಿದ್ದವು.