ಮುಷ್ಟಿಯಗಲದ ತೂತು

ಬೀದಿಯವರೆಲ್ಲ ಅವನನ್ನು ಸಂದುರಾಯ ಅಂತಲೇ ಕರೆಯುತ್ತಿದ್ದರು. ಕಿಟಕಿ ಬಾಗಿಲು ಕೂರಿಸುವುದು ಅವನ ಕಸುಬು. ಹೆಸರು ಮಾತ್ರ ಕಿಟಕಿಯಿಂದ ಬಂದದ್ದಲ್ಲ, ಕಿಟಕಿಗೂ ಗೋಡೆಗೂ ನಡುವೆ ಉಳಿಯುವ ಸಂದಿನಿಂದ ಬಂದದ್ದು. ಸಂದು ಕಂಡರೆ ಅವನ ಕೈ ಸುಮ್ಮನಿರುತ್ತಿರಲಿಲ್ಲ. ನೆಂಟರ ಮನೆಗೆ ಹೋದರೂ ಕುರ್ಚಿಯಲ್ಲಿ ಕೂರುವ ಮೊದಲು ಕಿಟಕಿಯ ಅಂಚಿಗೆ ಅಂಗೈ ಹಿಡಿದು, "ಇಲ್ಲಿ ಗಾಳಿ ನುಗ್ತಿದೆಯಲ್ಲ!" ಅನ್ನುತ್ತಿದ್ದ. ಅವನ ಸ್ವಂತ ಮನೆಯಲ್ಲಂತೂ ಬಾಗಿಲು ಹಾಕಿದರೆ ಹೊರಗಿನ ಲಾರಿಯ ಸದ್ದೂ ಒಳಗೆ ಬರುತ್ತಿರಲಿಲ್ಲ. ಪ್ರತಿ ಚೌಕಟ್ಟಿಗೂ ರಬ್ಬರ್ ಪಟ್ಟಿ, ಪ್ರತಿ ಬಿರುಕಿಗೂ ಫೋಮು, ಅದರ ಮೇಲೆ ಗೋಡೆಯದೇ ಬಣ್ಣ.

ಅವನ ಹೆಂಡತಿ ಬಟ್ಟೆ ಹೊಲಿಯುವಾಕೆ, ಎಲ್ಲರಿಗೂ ದರ್ಜಿಯಮ್ಮ. ಇಪ್ಪತ್ತೇಳು ವರ್ಷ ಸಂಸಾರ ಮಾಡಿ ಅವಳು ಕಂಡುಕೊಂಡದ್ದು ಇಷ್ಟೇ: ಗಂಡನಿಗೆ ಬೇಡ ಅಂದರೆ ಅವನು ಹೂಂ ಅನ್ನುತ್ತಾನೆ, ಆಮೇಲೆ ಮಾಡಿಯೇ ಬಿಡುತ್ತಾನೆ.

ಆ ಚಳಿಗಾಲದಲ್ಲಿ ಅವರ ಮಗಳಿಗೆ ದಿನ ತುಂಬುವ ಮೊದಲೇ ಹೆರಿಗೆಯಾಯಿತು. ಕೂಸು ಒಂದೂವರೆ ಸೇರು ಅಕ್ಕಿಯಷ್ಟು ತೂಕವಿತ್ತು, ಅಷ್ಟೆ. ಮೂರು ವಾರ ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿ ಮಲಗಿ, ಈಗ ತಾನೇ ಹಾಲು ಕುಡಿಯುವಷ್ಟು ಗಟ್ಟಿಯಾಗಿತ್ತು. ಅಳಿಯ ಕೆಲಸದ ಮೇಲೆ ದೂರದಲ್ಲಿದ್ದ, ಹಾಗಾಗಿ ಬಾಣಂತಿ ತಾಯಿಮನೆಗೇ ಬರಬೇಕು. ಡಾಕ್ಟರು ಹೇಳಿದ್ದು ಒಂದೇ ಮಾತು: "ಶುಕ್ರವಾರ ಕಳಿಸ್ತೀನಿ. ಆದರೆ ಕೋಣೆ ಹಗಲೂ ರಾತ್ರಿ ಒಂದೇ ಸಮ ಬೆಚ್ಚಗಿರಬೇಕು. ಆಗಲ್ಲ ಅಂದ್ರೆ ಇಲ್ಲೇ ಇರಲಿ."

ಆ ಊರಲ್ಲಿ ಚಳಿ ಹೆಚ್ಚಿದಷ್ಟೂ ಕರೆಂಟು ಕಡಿಮೆ. ಅದಕ್ಕೇ ಕಟ್ಟಿಗೆಯ ಹೀಟರ್ ಹಾಕಿಸುವುದು ಅಂತಾಯಿತು.

ಹಾಕಲು ಬಂದವಳು ಮಸಿಯಕ್ಕ. ಅರವತ್ತು ದಾಟಿದ ಗಟ್ಟಿ ಹೆಂಗಸು. ಮೊದಲು ಚಿಮಣಿ ಗುಡಿಸುತ್ತಿದ್ದವಳು, ಈಗ ಹೀಟರ್ ಕೂರಿಸುತ್ತಾಳೆ. ಉಗುರಿನ ಸಂದಿನ ಕಪ್ಪು ಯಾವ ಸೋಪಿಗೂ ಹೋಗದಷ್ಟು ಹಳೆಯದು. ಬಂದವಳೇ ಹೀಟರ್ ಕಡೆ ನೋಡಲಿಲ್ಲ, ಗೋಡೆ ನೋಡಿದಳು, ಸೂರು ನೋಡಿದಳು, ಕಿಟಕಿಯ ಪರದೆ ಹಿಡಿದೆಳೆದಳು.

"ಈ ಪರದೆ ತೆಗೀರಿ. ಹೀಟರಿನ ಮೈಯಿಂದ ಒಂದು ಮಾರು ದೂರದೊಳಗೆ ಬಟ್ಟೆ, ಕಾಗದ, ಕುರ್ಚಿ ಏನೂ ಇರಬಾರದು. ಒದ್ದೆ ಬಟ್ಟೆ ಒಣಗಿಸ್ತೀನಿ ಅಂತ ಹಗ್ಗ ಕಟ್ಟಿದ್ದು ಕಂಡ್ರೆ ನಾನೇ ಬಂದು ಕತ್ತರಿಸ್ತೀನಿ, ದರ್ಜಿಯಮ್ಮ."

"ಕತ್ತರಿ ನಂದೇ ಇದೆ, ಬನ್ನಿ," ಅಂದಳು ದರ್ಜಿಯಮ್ಮ.

ಎರಡು ದಿನ ಕೆಲಸ ನಡೆಯಿತು. ಕೆಳಗೆ ಕಲ್ಲು ಚಪ್ಪಡಿ. ಕೆಂಡ ಸಿಡಿದರೆ ಮರದ ನೆಲಕ್ಕೆ ಬೀಳದಂತೆ ಮುಂದಕ್ಕೆ ಎರಡು ಗೇಣು ಚಾಚಿಸಿದ್ದು. ಕೊಳವೆ ಆದಷ್ಟೂ ನೆಟ್ಟಗೆ, ಸೂರು ದಾಟುವ ಕಡೆ ಇಮ್ಮಡಿ ಗೋಡೆಯದು, ಸುತ್ತ ಹತ್ತಿಯಂಥ, ಬೆಂಕಿ ಹಿಡಿಯದ ಕಲ್ಲುನಾರು. ಮಾಡಿನ ಮೇಲೆ ಆಳೆತ್ತರ ಎದ್ದು ನಿಂತ ಕೊಳವೆಗೆ ಒಂದು ಟೊಪ್ಪಿ. ಸಂದುರಾಯ ಹಿಂದೆ ಮುಂದೆ ಸುತ್ತಿ ಪ್ರತಿ ಕೀಲಿಗೂ ಬೆರಳು ಸವರಿ ನೋಡಿದ.

"ಚೆನ್ನಾಗಿ ಮುಚ್ಚಿದೀರಿ ಅಕ್ಕಾ. ಒಂದು ಕೂದಲು ತೂರಲ್ಲ."

"ಕೊಳವೆ ಹಾಗೇ ಇರಬೇಕು. ಮನೆ ಹಾಗಿರಬಾರದು," ಅಂದಳು ಮಸಿಯಕ್ಕ. "ಒಳಗೆ ಗಾಳಿ ಎಲ್ಲಿಂದ ಬರತ್ತೆ ರಾಯರೇ?"

"ನಮ್ಮ ಮನೆಗಾ? ಇರುವೆ ಉಸಿರೂ ಬರಲ್ಲ!"

ಅವನು ಅದನ್ನು ಹೆಮ್ಮೆಯಿಂದ ಹೇಳಿದ. ಮಸಿಯಕ್ಕ ಡ್ರಿಲ್ಲು ಕೆಳಗಿಟ್ಟಳು.

"ಬೆಂಕಿಗೆ ಹೊಟ್ಟೆ ತುಂಬ ಗಾಳಿ ಬೇಕು. ಹೊರಗಿಂದ ಸಿಗದಿದ್ರೆ ಅದು ಕೋಣೇಲಿರೋದನ್ನ ಕುಡಿಯತ್ತೆ. ಅಡುಗೆಮನೆಯ ಆ ಫ್ಯಾನು ತಿರುಗಿದ್ರೆ ಇನ್ನೂ ಕಷ್ಟ. ಅದು ಇದ್ದಬದ್ದ ಗಾಳೀನೆಲ್ಲ ಎಳೆದು ಆಚೆ ಹಾಕತ್ತೆ, ಆಗ ಮೇಲಕ್ಕೆ ಹೋಗೋ ಹೊಗೆ ಕೆಳಕ್ಕೆ ತಿರುಗತ್ತೆ. ಹೊಗೆ ಕಣ್ಣಿಗೆ ಕಾಣತ್ತೆ, ಓಡಬಹುದು. ಅದರ ಜೊತೆ ಬರೋ ವಿಷಗಾಳಿಗೆ ಬಣ್ಣಾನೂ ಇಲ್ಲ, ವಾಸನೆಯೂ ಇಲ್ಲ. ದೊಡ್ಡವರಿಗೆ ತಲೆನೋವು ಬರತ್ತೆ. ಕೂಸಿಗೆ ತಲೆನೋವು ಅಂತ ಹೇಳಕ್ಕೆ ಬರಲ್ಲ."

ಹಾಗಂದು ಹೊರಗೋಡೆಯಲ್ಲಿ, ಹೀಟರಿನಿಂದ ಎರಡು ಮಾರು ಆಚೆ, ನೆಲದಿಂದ ಗೇಣೆತ್ತರದಲ್ಲಿ ಮುಷ್ಟಿಯಗಲದ ತೂತು ಕೊರೆದಳು. ಆಚೆ ಬದಿಗೆ ಇಲಿ ಬರದಂತೆ ಜಾಲರಿ ಹಾಕಿದಳು. ತನ್ನ ಗೋಡೆಯ ಪುಡಿ ನೆಲಕ್ಕೆ ಬೀಳುವುದನ್ನು ಸಂದುರಾಯ ಹಲ್ಲು ಕೀಳಿಸಿಕೊಳ್ಳುವವನ ಮುಖ ಮಾಡಿಕೊಂಡು ನೋಡಿದ. ಕೊನೆಗೆ ಮಸಿಯಕ್ಕ ಎದುರಿನ ಗೋಡೆಗೆ ವಿಷಗಾಳಿ ಬಂದರೆ ಕೂಗುವ, ಅಂಗೈಯಗಲದ ಬಿಳಿ ಅಲಾರಂ ಒಂದನ್ನು ಸಿಕ್ಕಿಸಿ, ಸಣ್ಣ ಬೆಂಕಿ ಹಚ್ಚಿ ತೋರಿಸಿದಳು. ಎರಡು ಬೇಸಿಗೆ ಒಣಗಿದ ಕಟ್ಟಿಗೆಯೇ ಆಗಬೇಕು. ಒಂದಕ್ಕೊಂದು ತಟ್ಟಿದರೆ ಟಣ್ ಅನ್ನಬೇಕು, ದೊಪ್ ಅಂದರೆ ಹಸಿ. ಬೂದಿಯನ್ನು ತಗಡಿನ ಡಬ್ಬಿಗೆ ತುಂಬಿ, ಮುಚ್ಚಳ ಹಾಕಿ, ಹೊರಗೆ ಕಲ್ಲಿನ ಮೇಲಿಡಬೇಕು. ಬೂದಿಯೊಳಗಿನ ಕೆಂಡ ಮೂರು ದಿನವಾದರೂ ಸಾಯುವುದಿಲ್ಲ. ದರ್ಜಿಯಮ್ಮ ಎಲ್ಲವನ್ನೂ ಬಟ್ಟೆ ಅಳತೆ ಬರೆಯುವ ಪುಸ್ತಕದಲ್ಲಿ ಬರೆದುಕೊಂಡಳು, ಎದೆ ಸುತ್ತಳತೆಗಳ ಪಕ್ಕದಲ್ಲಿ.

ಆವತ್ತು ಸೋಮವಾರ.

ಮಂಗಳವಾರ ಬುಧವಾರ ಅವಳು ಹಗಲೆಲ್ಲ ಆಸ್ಪತ್ರೆಯಲ್ಲಿ ಕಳೆದಳು. ಬುಧವಾರ ಬೆಳಿಗ್ಗೆ ಏಳುವಾಗ ತಲೆ ಭಾರವಾಗಿತ್ತು. ಆಸ್ಪತ್ರೆ ತಲುಪುವಷ್ಟರಲ್ಲಿ ಹಗುರಾಯಿತು. ಮನೆಗೆ ಬಂದು ಅಡುಗೆ ಮುಗಿಸುವ ಹೊತ್ತಿಗೆ ಮತ್ತೆ ಹಣೆ ಕಟ್ಟಿದಂತಾಯಿತು. ನಿದ್ದೆ ಇಲ್ಲದ್ದಕ್ಕೆ ಇರಬೇಕು ಅಂದುಕೊಂಡಳು. ಸಂದುರಾಯನೂ ಹಣೆ ತಿಕ್ಕಿಕೊಳ್ಳುತ್ತ, "ಹೀಟರಿನ ಹೊಸ ಬಣ್ಣ ಕಾಯ್ತಿದೆಯಲ್ಲ, ಆ ವಾಸನೆಗೆ ಕಣೇ," ಅಂದ. ಅಟ್ಟದಿಂದ ತೊಟ್ಟಿಲು ಇಳಿಸಿ ಹೊರಗೋಡೆಯ ಪಕ್ಕ ಇಟ್ಟಿದ್ದ. ಅದಕ್ಕೆ ಅವಳು ನೆಲ ಮುಟ್ಟುವ ನೆರಿಗೆಯ ಹೊದಿಕೆ ಹೊಲಿದು ಹಾಕಿದ್ದಳು. ನೋಡಲು ಲಕ್ಷಣವಾಗಿತ್ತು.

ಗುರುವಾರ ಮಧ್ಯಾಹ್ನ ಅವನು ಕೆಲಸಕ್ಕೆ ಹೋಗಿದ್ದಾಗ, ಕೂಸಿನ ಟೋಪಿಗೆ ಎಲಾಸ್ಟಿಕ್ ಬೇಕಾಗಿ ಅವಳು ಚಿಂದಿ ಬಟ್ಟೆಯ ಡ್ರಾಯರ್ ಎಳೆದಳು. ಅಡಿಯಲ್ಲಿ ಟವೆಲ್ಲಿನಲ್ಲಿ ಸುತ್ತಿದ್ದು ಏನೋ ಗಟ್ಟಿ ಸಿಕ್ಕಿತು. ಬಿಚ್ಚಿದರೆ ಆ ಬಿಳಿ ಅಲಾರಂ. ಬ್ಯಾಟರಿ ಬೇರೆ, ಅದು ಬೇರೆ.

ಅವಳು ತಿರುಗಿ ಗೋಡೆ ನೋಡಿದಳು: ಬರೀ ಮೊಳೆ, ಆಸ್ಪತ್ರೆಯ ಓಡಾಟದಲ್ಲಿ ಇಷ್ಟು ದಿನ ಕಣ್ಣಿಗೇ ಬಿದ್ದಿರಲಿಲ್ಲ. ಆಮೇಲೆ ಬ್ಯಾಟರಿ ಹಾಕಿ, ಮೊಳೆಗೆ ಸಿಕ್ಕಿಸಿದಳು. ಅದು ಸುಮ್ಮನಿತ್ತು. ಹೀಟರಿಗೆ ಎರಡು ಕಟ್ಟಿಗೆ ಹಾಕಿದಳು. ಕಿಟಕಿ, ಬಾಗಿಲು, ಎಲ್ಲ ಹಾಕಿದ್ದವು. ಅಡುಗೆಮನೆಯ ಫ್ಯಾನು ಒತ್ತಿ ಬಂದು, ಬಿಳಿ ನೂಲು ಒಂದು ಮೊಳ ಕತ್ತರಿಸಿ, ತುದಿ ಹಿಡಿದು ಹೀಟರಿನ ಕೆಳಗಿನ ಗಾಳಿಕಿಂಡಿಯ ಮುಂದೆ ಇಳಿಬಿಟ್ಟಳು. ನೂಲು ಕಿಂಡಿಯೊಳಕ್ಕೆ ಬಾಗಬೇಕಿತ್ತು. ಅದು ಒಂದು ಸಲ ನಡುಗಿ, ಅವಳ ಮೊಣಕಾಲಿನ ಕಡೆಗೆ ವಾಲಿತು. ಬೆಂಕಿ ಉಸಿರನ್ನು ಒಳಗೆಳೆದುಕೊಳ್ಳುತ್ತಿರಲಿಲ್ಲ, ಕೋಣೆಗೆ ಬಿಡುತ್ತಿತ್ತು.

ಹತ್ತು ನಿಮಿಷ ಕಳೆದಿರಬಹುದು, ಹೆಚ್ಚೂ ಆಗಿರಬಹುದು. ತಲೆ ಕಟ್ಟತೊಡಗಿದಾಗ ಅವಳು ಹೊಸ್ತಿಲಿಗೆ ಹೋಗಿ ನಿಂತಳು. ಅಷ್ಟರಲ್ಲಿ ಅಲಾರಂ ಕಿರುಚಿತು. ಅದೇ ಹೊತ್ತಿಗೆ ಸಂದುರಾಯ ಗೇಟು ತೆರೆದು ಬರುತ್ತಿದ್ದ.

"ಮತ್ತೆ ಅದನ್ಯಾಕೆ ಹಾಕಿದೆ? ಕೆಟ್ಟು ಹೋಗಿದೆ ಅದು. ಮೊನ್ನೆ ಆಡಿನ ಹಾಗೆ ಒಂದೇ ಸಮ ಅರಚ್ತು. ಹೊಗೆ ಇಲ್ಲ, ಏನಿಲ್ಲ."

"ಹೊಗೆ ಇಲ್ಲದ್ದಕ್ಕೇ ಅಲ್ವೇನ್ರೀ ಅದನ್ನ ಹಾಕಿದ್ದು?"

ಅವಳು ಬಾಗಿಲು ಪೂರ್ತಿ ತೆಗೆದು, ಒಳಗೆ ಹೋಗಿ ಫ್ಯಾನು ಆರಿಸಿ, ಕಿಟಕಿಗಳನ್ನೆಲ್ಲ ತೆರೆದಳು. ಬೆಂಕಿ ಭುಗ್ ಎಂದು ನೆಟ್ಟಗಾಯಿತು. ಅಲಾರಂ ಸುಮ್ಮನಾಗುವವರೆಗೆ ಇಬ್ಬರೂ ಅಂಗಳದಲ್ಲಿ, ಚಳಿಯಲ್ಲಿ ನಿಂತರು. ಪಕ್ಕದ ಮನೆಯಾಕೆ ಬೇಲಿಯಾಚೆಯಿಂದ ಕತ್ತು ಚಾಚಿ, "ಏನು ರಾಯರೇ, ಕಿಟಕಿಯೆಲ್ಲ ತೆರೆದಿದೀರಿ? ಹುಷಾರಿದೀರಾ?" ಅಂದಳು.

"ಹುಷಾರಾಗ್ತಿದ್ದೀವಿ," ಅಂದಳು ದರ್ಜಿಯಮ್ಮ.

ಆಮೇಲೆ ಗಂಡನ ಕಡೆ ತಿರುಗಿದಳು. "ಮಸಿಯಕ್ಕ ಕೊರೆದ ತೂತೆಲ್ಲಿ?"

"ಜಾಲರಿ ಅಲ್ಲೇ ಇದೆಯಲ್ಲ, ನೋಡು."

"ಆಚೆ ಜಾಲರಿ ಇದೆ. ಒಳಗೆ ಏನಿದೆ?"

ಅವನು ಚಪ್ಪಲಿಯ ತುದಿಯಿಂದ ನೆಲ ಕೆದಕಿದ. "ತೊಟ್ಟಿಲು ಅಲ್ಲೇ ಬರತ್ತೆ ಕಣೇ," ಅಂದ ಕೊನೆಗೆ. "ಮಂಗಳವಾರ ಅಲ್ಲಿ ಕೂತು ನೋಡ್ದೆ. ಚೂರಿ ಹಾಕಿದ ಹಾಗೆ ಚಳಿ. ನೇರ ಮಗು ತಲೆಗೆ ಬಡಿಯತ್ತೆ. ಅಷ್ಟು ಸಣ್ಣ ತಲೆ. ನನ್ನ ಕೈಯಲ್ಲಿ ತಡೆಯಕ್ಕಾಗ್ಲಿಲ್ಲ."

ಅವಳ ಬಾಯಿಗೆ ಬಂದ ಮಾತು ಬಹಳ ಇತ್ತು. ಇಪ್ಪತ್ತೇಳು ವರ್ಷದ್ದೂ ಸೇರಿ ಬಂದಿತ್ತು. ಅವಳು ಅದನ್ನು ನುಂಗಿದಳು. ಯಾಕೆಂದರೆ ಗಡಿಯಾರದಲ್ಲಿ ಮೂರೂವರೆ, ಐದಕ್ಕೆ ಮಗಳ ಫೋನು ಬರುವುದಿತ್ತು, ಕೋಣೆ ತಯಾರಿದೆಯೋ ಇಲ್ಲವೋ ಅಂತ ಹೇಳಬೇಕಿತ್ತು. ಇಲ್ಲ ಅಂದರೆ ಕೂಸು ಇನ್ನೂ ಎರಡು ವಾರ ಗಾಜಿನ ಪೆಟ್ಟಿಗೆಯಲ್ಲೇ. ಮಗಳು ಈಗಾಗಲೇ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಕೂತು ಅರ್ಧವಾಗಿದ್ದಳು.

"ಐದಕ್ಕೆ ಅವಳಿಗೆ ಏನು ಹೇಳ್ಲಿ?" ಅಂದಳು. "ನಿಮ್ಮ ಮಗಳು. ನೀವೇ ಹೇಳಿ."

ಸಂದುರಾಯ ಒಳಗೆ ಹೋಗಿ ತೊಟ್ಟಿಲನ್ನು ಎತ್ತಿ ಪಕ್ಕಕ್ಕಿಟ್ಟ. ಹಿಂದಿನ ಗೋಡೆ ಮೊಟ್ಟೆಯ ಸಿಪ್ಪೆಯ ಹಾಗಿತ್ತು. ಒಂದು ಗೀರಿಲ್ಲ, ಬಣ್ಣದಲ್ಲಿ ಕೂದಲೆಳೆಯ ವ್ಯತ್ಯಾಸವಿಲ್ಲ. ಅವನು ಮಂಡಿಯೂರಿ ಬೆರಳ ಗಂಟಿನಿಂದ ಗೋಡೆ ತಟ್ಟತೊಡಗಿದ. ಇಲ್ಲಿ ಟಕ್, ಅಲ್ಲಿ ಟಕ್. ತಾನು ಮುಚ್ಚಿದ್ದು ಎಲ್ಲಿ ಅಂತ ಅವನಿಗೇ ಗೊತ್ತಾಗಲಿಲ್ಲ. ಅವಳು ಅಳತೆ ಪುಸ್ತಕ ತೆರೆದು ಓದಿದಳು, "ಮೂಲೆಯಿಂದ ನಾಲ್ಕು ಗೇಣು, ನೆಲದಿಂದ ಒಂದು." ಅಲ್ಲಿ ತಟ್ಟಿದಾಗ ಬೊದ್ ಅಂದಿತು.

"ಎಂಥ ಕೆಲಸ ಮಾಡಿದ್ದೆ ನೋಡು," ಅಂದ ಅವನು. ಅದು ಬೈಗುಳವೋ ಹೊಗಳಿಕೆಯೋ ಅವಳಿಗೆ ತಿಳಿಯಲಿಲ್ಲ. ಪ್ರಾಯಶಃ ಅವನಿಗೂ.

ಚಾಕು ಹಾಕಿದ. ಬಣ್ಣದ ಪದರ, ಪುಟ್ಟಿ, ಆಮೇಲೆ ಹಳದಿ ಫೋಮು ಬೆಣ್ಣೆಯ ಹಾಗೆ ಉಂಡೆಯುಂಡೆಯಾಗಿ ಬಂತು. ಕೊನೆಯ ತುಂಡು ಕಳಚಿದಾಗ ಹೊರಗಿನ ಚಳಿ ಅವನ ಮುಖಕ್ಕೇ ಹೊಡೆಯಿತು. ಅವನ ಕೈ ತಾನಾಗಿ ತೂತಿನ ಮೇಲೆ ಹೋಯಿತು. ಅವಳು ನೋಡುತ್ತಲೇ ಇದ್ದಳು. ಅವನು ಕೈ ತೆಗೆದ.

ಕಿಟಕಿ ಬಾಗಿಲು ಮತ್ತೆ ಹಾಕಿದರು. ಫ್ಯಾನು ಹಾಕಿದರು. ಈಗ ನೂಲು ಹಿಡಿದದ್ದು ಅವನು. ಅದು ಒಂದಿಷ್ಟು ಅತ್ತಿತ್ತ ತೂಗಿ, ಹೀಟರಿನ ಕಿಂಡಿಯೊಳಕ್ಕೆ ಬಾಗಿ ನಿಂತಿತು. ಇಬ್ಬರೂ ಗಡಿಯಾರ ನೋಡುತ್ತ ಹೊಸ್ತಿಲ ಮೇಲೆ ಕೂತರು. ಹತ್ತು ನಿಮಿಷ. ಇಪ್ಪತ್ತು. ಅಲಾರಂನ ಹಸಿರು ಚುಕ್ಕೆ ಸುಮ್ಮನೆ ಮಿಣುಕುತ್ತಿತ್ತು. ಫೋನು ಬಂದಾಗ ನಲವತ್ತು ನಿಮಿಷವಾಗಿತ್ತು.

ಫೋನು ಎತ್ತಿಕೊಂಡದ್ದು ಸಂದುರಾಯನೇ. "ಕೋಣೆ ತಯಾರಿದೆ ಮಗಳೇ," ಅಂದ. ಸ್ವಲ್ಪ ತಡೆದು, "ಅಲ್ಲ, ತಾಳು. ಮಸಿಯಕ್ಕನ್ನ ಬೆಳಿಗ್ಗೆ ಬಾ ಅಂತ ಹೇಳ್ತೀನಿ. ಅವರು ನೋಡಿ ಹೂಂ ಅಂದ ಮೇಲೆ ಹೊರಡಿ. ನಾನು ಒಂದು ತಪ್ಪು ಮಾಡಿದ್ದೆ," ಅಂದ.

ದರ್ಜಿಯಮ್ಮ ಟೋಪಿಗೆ ಎಲಾಸ್ಟಿಕ್ ತೂರಿಸುತ್ತಿದ್ದಳು. ತಲೆ ಎತ್ತಲಿಲ್ಲ. ಆ ಮಾತನ್ನು ಅವನ ಬಾಯಿಂದ ಅವಳು ಕೇಳಿದ್ದು ಮೊದಲ ಸಲ, ಅದೂ ಬೇರೆಯವರಿಗೆ ಹೇಳುವಾಗ.

ಶುಕ್ರವಾರ ಬೆಳಿಗ್ಗೆ ಮಸಿಯಕ್ಕ ಬಂದು, ತೂತಿನ ಅಂಚಿಗೆ ಅಂಟಿದ್ದ ಫೋಮಿನ ಚೂರನ್ನು ಉಗುರಿನಿಂದ ಕಿತ್ತು, ಅವನ ಅಂಗೈಯಲ್ಲಿಟ್ಟಳು. ಬೈಯಲಿಲ್ಲ. "ತೊಟ್ಟಿಲನ್ನ ಈ ಗೋಡೆಯಿಂದ ಆ ಗೋಡೆಗೆ ಸರಿಸಿದ್ರೆ ಆಗ್ತಿತ್ತಲ್ಲ ರಾಯರೇ," ಅಂದಳು, ಅಷ್ಟೆ. ಈ ಸರಳ ಉಪಾಯ ಗಂಡ ಹೆಂಡತಿ ಇಬ್ಬರಿಗೂ ಹೊಳೆದಿರಲಿಲ್ಲ. ಒಬ್ಬನಿಗೆ ಮುಚ್ಚುವುದೊಂದೇ ಗೊತ್ತಿತ್ತು. ಇನ್ನೊಬ್ಬಳು ಮುಚ್ಚಿದ್ದರ ಮೇಲೆ ನೆರಿಗೆ ಹೊಲಿದಿದ್ದಳು.

ಮಧ್ಯಾಹ್ನ ಮಗಳು ಕೂಸನ್ನೆತ್ತಿಕೊಂಡು ಬಂದಳು. ತೊಟ್ಟಿಲು ಒಳಗೋಡೆಯ ಪಕ್ಕದಲ್ಲಿತ್ತು. ಕೋಣೆ ಹದವಾಗಿ ಬೆಚ್ಚಗಿತ್ತು. ಕೂಸನ್ನು ಮಲಗಿಸಿ ಕೋಣೆಯಲ್ಲಿ ಓಡಾಡುತ್ತಿದ್ದವಳು ಕಿಟಕಿಯ ಹತ್ತಿರ ಥಟ್ಟನೆ ನಿಂತು ಪಾದ ನೋಡಿಕೊಂಡಳು.

"ಅಪ್ಪಾ, ಇಲ್ಲೆಲ್ಲೋ ಗಾಳಿ ನುಗ್ತಿದೆ! ನಿನ್ನ ಮನೆಯಲ್ಲಿ!"

ಸಂದುರಾಯ ಕಟ್ಟಿಗೆ ತಟ್ಟಿ ನೋಡುತ್ತಿದ್ದ. ಟಣ್ ಅಂದದ್ದನ್ನು ಒಂದು ಕಡೆ, ದೊಪ್ ಅಂದದ್ದನ್ನು ಇನ್ನೊಂದು ಕಡೆ ಇಡುತ್ತ, "ನುಗ್ಗಲಿ ಬಿಡು," ಅಂದ.